ಸಂರಕ್ಷಿತ ಪ್ರದೇಶದ ಹಳೆಯ ಕಟ್ಟಡ: ಗೋಡೆಗೆ ಕೈಹಚ್ಚುವ ಮುನ್ನ ಅನುಮತಿ ಪಡೆಯುವ ಬಗೆ

ನಗರದ ಸಂರಕ್ಷಿತ ಪ್ರದೇಶದೊಳಗಿನ, ಅಂದರೆ ಪಾರಂಪರಿಕ ಮಹತ್ವಕ್ಕಾಗಿ ಕಾನೂನು ಕಾಯುವ ಪ್ರದೇಶದೊಳಗಿನ, ಕಟ್ಟಡದಲ್ಲಿ ಭಾರ ಹೊರುವ ಗೋಡೆ ತೆಗೆಯುವುದಾಗಲಿ, ತೊಲೆ ಬದಲಿಸುವುದಾಗಲಿ, ಮೇಲೊಂದು ಅಂತಸ್ತು ಏರಿಸುವುದಾಗಲಿ ಮಾಲೀಕರ ಇಚ್ಛೆಯಿಂದ ಮಾತ್ರ ನಡೆಯುವ ಕೆಲಸವಲ್ಲ. ಬಿಡಿ ಸ್ಮಾರಕಗಳಷ್ಟೇ ಅಲ್ಲದೆ ಇಡೀ ಪ್ರದೇಶಗಳನ್ನೇ ಕಾಯುವ ಕಾನೂನನ್ನು ಫ್ರಾನ್ಸ್ 1962ರಲ್ಲಿ, ಬ್ರಿಟನ್ 1967ರಲ್ಲಿ ತಂದವು. ಇಂದು ಅನೇಕ ದೇಶಗಳಲ್ಲಿ ಇಂಥ ನಿಯಮಗಳಿವೆ. ವಿವರಗಳು ಬೇರೆಯಾದರೂ ಅರ್ಜಿ ಪರಿಶೀಲಿಸುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಈ ಬದಲಾವಣೆ ಅನಿವಾರ್ಯವೇ, ಇದಕ್ಕಿಂತ ಕಡಿಮೆಯಲ್ಲಿ ಆಗದೇ?

ಮೊದಲು ಕಟ್ಟಡದ ಸ್ಥಾನಮಾನ ತಿಳಿಯಬೇಕು. ಅದು ಪ್ರದೇಶದ ಗಡಿಯೊಳಗಿದೆಯೇ ಎಂಬುದರ ಜೊತೆಗೆ, ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಸೇರಿದೆಯೇ ಎಂಬುದನ್ನೂ ನೋಡಬೇಕು. ಪ್ರದೇಶದ ನಿಯಮಗಳು ಬಹುಮಟ್ಟಿಗೆ ಬೀದಿಗೆ ಕಾಣುವ ರೂಪ, ಎತ್ತರ ಮತ್ತು ಕೆಡವುವಿಕೆಗೆ ಸಂಬಂಧಿಸಿರುತ್ತವೆ. ಪಟ್ಟಿಯಲ್ಲಿರುವ ಕಟ್ಟಡದ ವಿಷಯದಲ್ಲಿ ಒಳಗಿನ ಮೆಟ್ಟಿಲು, ಜಂತೆಗಳಿಗೂ ನಿಯಮಗಳು ಅನ್ವಯಿಸಬಹುದು. ಕಟ್ಟಡದ ಸುರಕ್ಷತೆಗೆ ಸಂಬಂಧಿಸಿದ ಪರವಾನಗಿ ಬೇರೆ, ಈ ಸಂರಕ್ಷಣಾ ಅನುಮತಿ ಬೇರೆ. ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡುವಂತಿಲ್ಲ.

ಎರಡನೆಯ ಹಂತವೇ ಎಲ್ಲಕ್ಕಿಂತ ಮುಖ್ಯವಾದದ್ದು. ನಕ್ಷೆ ಬರೆಸುವ ಮೊದಲು, ಹಳೆಯ ಕಟ್ಟಡಗಳಲ್ಲಿ ಪಳಗಿದ ಸ್ಟ್ರಕ್ಚರಲ್ ಎಂಜಿನಿಯರ್‌ರಿಂದ ತಪಾಸಣೆ ಮಾಡಿಸಬೇಕು. ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಳಿಯಾದ ಇಕೊಮೊಸ್ 2003ರಲ್ಲಿ ಒಪ್ಪಿದ ತತ್ವಗಳು ಕಟ್ಟಡವನ್ನು ರೋಗಿಯಂತೆ ಕಾಣುತ್ತವೆ: ಪೂರ್ವೇತಿಹಾಸ, ರೋಗನಿರ್ಣಯ, ಚಿಕಿತ್ಸೆ, ಆಮೇಲಿನ ನಿಗಾ. ಗೋಡೆಯ ಬಿರುಕು ಎಂದೋ ಬಿದ್ದು ನಿಂತದ್ದೇ ಅಥವಾ ಈಗಲೂ ಅಗಲವಾಗುತ್ತಿದೆಯೇ ಎಂಬುದನ್ನು ತಿಳಿಯಲು ಅಳತೆಪಟ್ಟಿ ಅಂಟಿಸಿ ಮಳೆಗಾಲ, ಒಣಗಾಲ ಎರಡರಲ್ಲೂ ಗಮನಿಸಬೇಕಾದೀತು. ಕಾರಣವು ಸೋರುವ ಕೊಳವೆಯಾಗಿದ್ದರೆ, ತಳಪಾಯಕ್ಕೆ ಕಾಂಕ್ರೀಟ್ ಸುರಿಯುವ ಪ್ರಸ್ತಾವಕ್ಕೆ ಅರ್ಥವೇ ಇರುವುದಿಲ್ಲ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಸುವ ಸಲಹೆ ಬಂದರೆ ಪ್ರಶ್ನಿಸಬೇಕು. ಗಡುಸಾದ ಸಿಮೆಂಟ್ ತೇವವನ್ನು ಒಳಗೇ ಹಿಡಿದಿಟ್ಟು ಮೆದು ಇಟ್ಟಿಗೆಯನ್ನು ಪುಡಿಯಾಗಿಸುತ್ತದೆ.

ಈ ವರದಿ ಮತ್ತು ಕಚ್ಚಾ ರೇಖಾಚಿತ್ರಗಳೊಂದಿಗೆ, ಅವಕಾಶವಿರುವಲ್ಲಿ, ಅರ್ಜಿಗೆ ಮುಂಚೆಯೇ ಸಂರಕ್ಷಣಾಧಿಕಾರಿಯನ್ನು ಭೇಟಿಯಾಗುವುದು ಒಳಿತು.

ಅರ್ಜಿಯ ಜೊತೆ ಕೊಡುವ, ಕಟ್ಟಡದ ಈಗಿನ ಸ್ಥಿತಿಯ ಮತ್ತು ಉದ್ದೇಶಿತ ಬದಲಾವಣೆಯ ನಕ್ಷೆಗಳು ಒಂದೇ ಅಳತೆಯಲ್ಲಿದ್ದು, ತೆಗೆಯುವ ಭಾಗಗಳು ಬೇರೆ ಬಣ್ಣದಲ್ಲಿರಲಿ. ಛಾಯಾಚಿತ್ರಗಳು, ಎಂಜಿನಿಯರ್ ಲೆಕ್ಕಾಚಾರ, ಕೆಲಸದ ವೇಳೆ ಭಾರವನ್ನು ಹೇಗೆ ಆತುಕೊಳ್ಳಲಾಗುವುದು ಎಂಬ ವಿವರ, ಪರಿಶೀಲಿಸಿ ಕೈಬಿಟ್ಟ ಪರ್ಯಾಯಗಳು ಮತ್ತು ಅದಕ್ಕೆ ಕಾರಣ ಸೇರಿರಬೇಕು. ಕಟ್ಟಡದ ಚರಿತ್ರೆಗೆ ಪುಟಗಟ್ಟಲೆ ಮೀಸಲಿಟ್ಟು ತೊಲೆಯ ಬಗ್ಗೆ ಒಂದು ಸಾಲೂ ಬರೆಯದ ಕಡತ ಎಷ್ಟೇ ಅಂದವಾಗಿದ್ದರೂ ಪ್ರಯೋಜನವಿಲ್ಲ. ಇಡೀ ತೊಲೆಯ ಬದಲು ಕೊಳೆತ ತುದಿಗೆ ಮಾತ್ರ ಹೊಸ ಮರ ಜೋಡಿಸುವ, ಮುಂದೆ ಬೇಕೆನಿಸಿದರೆ ಬಿಚ್ಚಬಹುದಾದ ಉಕ್ಕಿನ ಆಸರೆ ಕೊಡುವ ಪ್ರಸ್ತಾವಗಳಿಗೆ ಒಪ್ಪಿಗೆ ಸಿಗುವ ಸಂಭವ ಹೆಚ್ಚು. ಗೋಡೆ ನೆರೆಯವರೊಂದಿಗೆ ಹಂಚಿಕೊಂಡದ್ದಾದರೆ ಅವರ ಸಮ್ಮತಿಯ ವಿಷಯವನ್ನೂ ಈಗಲೇ ಇತ್ಯರ್ಥಪಡಿಸಿಕೊಳ್ಳಬೇಕು.

ಅನುಮತಿ ಲಿಖಿತವಾಗಿ ಕೈಸೇರುವವರೆಗೆ ಕೆಲಸ ಆರಂಭಿಸಬಾರದು. ಅದರ ಷರತ್ತುಗಳಲ್ಲಿ ಕೆಲವು, ಉದಾಹರಣೆಗೆ ಗಾರೆಯ ಮಾದರಿ ತೋರಿಸುವುದು, ಕೆಲಸಕ್ಕೆ ಮೊದಲೇ ಪೂರೈಸಬೇಕಾದವು. ಗುತ್ತಿಗೆದಾರರಿಗೆ ಅದರ ಪ್ರತಿ ಕೊಡಬೇಕು. ಗಿಲಾವು ಕೆತ್ತಿದಾಗ ನಕ್ಷೆಯಲ್ಲಿಲ್ಲದ ಕಮಾನೋ ಕೊಳೆತ ಜಂತೆಯೋ ಕಂಡುಬಂದರೆ, ತಾತ್ಕಾಲಿಕ ಆಸರೆ ಕೊಟ್ಟು, ಚಿತ್ರ ತೆಗೆದು, ಆ ಭಾಗದ ಕೆಲಸ ನಿಲ್ಲಿಸಿ, ತಿದ್ದುಪಡಿಗೆ ಹೊಸದಾಗಿ ಮನವಿ ಸಲ್ಲಿಸಬೇಕು.