ಬ್ಯಾಂಕಾಕಿನಲ್ಲಿ ಮೊದಲ ದಿನ: ಅರಮನೆ ನಾಳೆಗಿರಲಿ, ಇಂದು ನದಿಗೆ ಹೋಗಿ

ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆಯ ಹಾದಿ. ಇಷ್ಟು ಹತ್ತಿರವಲ್ಲವೇ ಎಂಬ ಧೈರ್ಯದಲ್ಲಿ ನಮ್ಮವರು ಇಳಿದ ದಿನವೇ ಅರಮನೆ, ಎರಡು ದೇವಾಲಯ, ಮಾಲ್, ರಾತ್ರಿ ಸಂತೆ ಎಂದು ಉದ್ದದ ಪಟ್ಟಿ ಹಾಕಿಕೊಳ್ಳುತ್ತಾರೆ. ಆದರೆ ನಡುರಾತ್ರಿಯ ವಿಮಾನ ಹಿಡಿಯಲು ಸಂಜೆಯೇ ಮನೆ ಬಿಟ್ಟಿರುತ್ತೇವೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿರುವುದರಿಂದ, ಇರುವ ಚೂರು ನಿದ್ದೆಯಲ್ಲೂ ಒಂದಿಷ್ಟು ಕಳೆದುಹೋಗುತ್ತದೆ. ಮೊದಲ ಸಲ ಅಮ್ಮನನ್ನು ಕರೆದುಕೊಂಡು ಹೋದಾಗ ನಾನು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಟಮಟ ಮಧ್ಯಾಹ್ನ ಅರಮನೆಯ ಅಂಗಳದಲ್ಲಿ ನೆರಳು ಹುಡುಕಿ ಕುಳಿತ ಅಮ್ಮ, "ನೀನು ನೋಡಿಕೊಂಡು ಬಾ, ನಾನು ಇಲ್ಲೇ ಇರ್ತೀನಿ" ಎಂದುಬಿಟ್ಟರು. ಆ ಆವರಣದ ಮೊಗಸಾಲೆಯ ಗೋಡೆಗಳ ಮೇಲೆ ಥಾಯ್ ರಾಮಾಯಣವಾದ ರಾಮಕಿಯನ್ನಿನ ಕಥೆ 178 ಚಿತ್ರಗಳಲ್ಲಿ ಹರಡಿಕೊಂಡಿದೆ. ರಾಮಾಯಣವೆಂದರೆ ಪ್ರಾಣವಾದ ಅಮ್ಮ ಅದರಲ್ಲಿ ಒಂದನ್ನೂ ನೋಡಲಿಲ್ಲ. ಆ ನೋವಿನಿಂದಲೇ ಮುಂದಿನ ಪ್ರಯಾಣಗಳಲ್ಲಿ ಮೊದಲ ದಿನವನ್ನು ಹೀಗೆ ಹೊಂದಿಸಿಕೊಂಡೆ.

ಹೊರಡುವ ಮುನ್ನ

ಥಾಯ್ಲೆಂಡಿಗೆ ಹೋಗುವ ವಿದೇಶಿಯರು 2025ರ ಮೇ 1ರಿಂದ ಆಗಮನದ ವಿವರಗಳನ್ನು ಆನ್‌ಲೈನ್‌ನಲ್ಲಿ ತುಂಬಬೇಕಾಗಿದೆ. ಇಳಿಯುವುದಕ್ಕೆ ಮೂರು ದಿನ ಮುಂಚಿನಿಂದ ಸರ್ಕಾರಿ ಜಾಲತಾಣದಲ್ಲಿ ಇದನ್ನು ಉಚಿತವಾಗಿ ಮಾಡಬಹುದು. ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ತಂಗಲು ಸಿಲೋಮ್ ಬಡಾವಣೆಯನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ, ಏಕೆಂದರೆ ಮೇಲುಸೇತುವೆಯ ರೈಲು ಮತ್ತು ನೆಲದಡಿಯ ಮೆಟ್ರೊ ಎರಡೂ ಅಲ್ಲಿ ಸಿಗುತ್ತವೆ. ಹೋಟೆಲುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 2ರ ನಂತರವೇ ಕೋಣೆ ಕೊಡುವುದರಿಂದ, ಬೇಗ ಬರುತ್ತೇವೆಂದು ಮೊದಲೇ ಬರೆದು ಕೇಳಿ. ಹಿರಿಯರು ಜೊತೆಗಿದ್ದರೆ ಇದಕ್ಕಾಗಿ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ಬೆಳಗ್ಗೆ: ಕಡಿಮೆ ಕೆಲಸ

ಸುವರ್ಣಭೂಮಿ ವಿಮಾನ ನಿಲ್ದಾಣದ ತಳದಿಂದಲೇ ನಗರಕ್ಕೆ ರೈಲು ಹೊರಡುತ್ತದೆ. ಕೊನೆಯ ನಿಲ್ದಾಣ ಫಯಾ ಥಾಯ್‌ನಲ್ಲಿ ಇಳಿದು, ಮೇಲುಸೇತುವೆಯ ರೈಲು ಹತ್ತಿ, ಸಯಾಮ್‌ನಲ್ಲಿ ಒಮ್ಮೆ ಬದಲಿಸಿದರೆ ಸಿಲೋಮ್‌ನ ಸಾಲಾ ದೆಂಗ್ ನಿಲ್ದಾಣ ಬರುತ್ತದೆ. ಚೀಲಗಳನ್ನು ಹೋಟೆಲಿನಲ್ಲಿಟ್ಟು, ಕೋಣೆ ಸಿಕ್ಕಿದರೆ ಮಲಗಿ. ಸಿಗದಿದ್ದರೆ ಹತ್ತಿರದ ಲುಂಪಿನಿ ಉದ್ಯಾನದ ಕೆರೆದಂಡೆಯಲ್ಲಿ ಕುಳಿತುಕೊಳ್ಳಿ. ಮಾರುದ್ದದ ಉಡಗಳು ನೀರಿನಿಂದೆದ್ದು ಹುಲ್ಲಿನ ಮೇಲೆ ನಿಧಾನವಾಗಿ ನಡೆದುಹೋಗುವುದನ್ನು ಮಕ್ಕಳು ಎಷ್ಟು ಹೊತ್ತಾದರೂ ನೋಡುತ್ತಾರೆ.

ಸಸ್ಯಾಹಾರಿಗಳು ಊಟದ ವಿಷಯವನ್ನು ಇಲ್ಲಿಯೇ ತಿಳಿದುಕೊಳ್ಳುವುದು ಒಳ್ಳೆಯದು. ಬರೀ ತರಕಾರಿಯಂತೆ ಕಾಣುವ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ 'ಜೇ' ಎಂದು ಬರೆದಿರುವ ಅಂಗಡಿಯಲ್ಲಿ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಸಿಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಯಿದೆ. ಅದರ ಆಸುಪಾಸಿನಲ್ಲಿ ನಮ್ಮ ಕಡೆಯ ಊಟವೂ ಸಿಗುತ್ತದೆ.

ಮೂರು ಗಂಟೆಗೆ ಹೊರಡಿ

ಬಿಸಿಲು ಸ್ವಲ್ಪ ಇಳಿದ ಮೇಲೆ ಸಾಲಾ ದೆಂಗ್‌ನಿಂದ ಸಫಾನ್ ತಾಕ್ಸಿನ್‌ಗೆ ರೈಲಿನಲ್ಲಿ ಹೋಗಿ. ಮೆಟ್ಟಿಲಿಳಿದರೆ ಎದುರಿಗೇ ಚಾವೊ ಫ್ರಾಯಾ ನದಿಯ ದೋಣಿಕಟ್ಟೆ. ಪ್ರವಾಸಿಗಳಿಗೆಂದೇ ಇರುವ ದುಬಾರಿ ದೋಣಿಯ ಬದಲು ಊರಿನವರು ಓಡಾಡುವ ಕಿತ್ತಳೆ ಬಾವುಟದ ದೋಣಿ ಹತ್ತಿ. ಟಿಕೆಟ್ ಕೊಡುವ ಹೆಂಗಸು ತಗಡಿನ ಉದ್ದ ಕೊಳವೆಯನ್ನು ಅಲ್ಲಾಡಿಸುತ್ತ ಬರುತ್ತಾಳೆ. ಅದರೊಳಗಿನ ಚಿಲ್ಲರೆ ಝಣಝಣ ಎನ್ನುವುದೇ ಹಣ ತೆಗೆಯಿರಿ ಎಂಬ ಸೂಚನೆ. ಕಟ್ಟೆ ಹತ್ತಿರವಾದಂತೆ ಹಿಂಬದಿಯಲ್ಲಿ ನಿಂತವನು ಸೀಟಿ ಊದಿ ಚಾಲಕನಿಗೆ ಅಂತರ ತಿಳಿಸುತ್ತಾನೆ. ದೋಣಿ ನಿಲ್ಲುವುದು ಕ್ಷಣಹೊತ್ತು ಮಾತ್ರವಾದ್ದರಿಂದ ಹಿರಿಯರ ಕೈ ಹಿಡಿದು ಮೊದಲೇ ಸಿದ್ಧರಾಗಿ. ಹಗ್ಗ ಬಿಗಿಯುವ ಮೊದಲು ಮಾತ್ರ ಯಾರೂ ಕಾಲಿಡಬಾರದು.

ಇಳಿಯಬೇಕಾದದ್ದು ವಾಟ್ ಅರುಣ್ ದೇವಾಲಯದ ಕಟ್ಟೆಯಲ್ಲಿ ಅಥವಾ ಎದುರು ದಡದ ಥಾ ತಿಯನ್ ಕಟ್ಟೆಯಲ್ಲಿ. ಯಾವ ದಡದಲ್ಲಿ ಇಳಿಸಿದರೂ ಚಿಂತೆಯಿಲ್ಲ, ಎರಡರ ನಡುವೆ ಕೆಲವೇ ಬಾತ್ (ಥಾಯ್ ಹಣ) ಕೊಟ್ಟರೆ ಹೊಳೆ ದಾಟಿಸುವ ದೋಣಿಯಿದೆ. ಇಂದು ಒಳಗೆ ಹೋಗಿ ನೋಡಬೇಕಾದ ದೇವಾಲಯ ಒಂದೇ: ಥಾ ತಿಯನ್‌ಗೆ ಅಂಟಿಕೊಂಡಂತಿರುವ ವಾಟ್ ಫೋ. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆಯಿರಲಿ. ದಾರಿಯಲ್ಲಿ ಯಾರಾದರೂ ನಗುನಗುತ್ತ "ಇಂದು ದೇವಾಲಯ ಮುಚ್ಚಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ" ಎಂದು ಟುಕ್‌ಟುಕ್ ತೋರಿಸಿದರೆ ನಿಲ್ಲದೆ ಮುಂದೆ ನಡೆಯಿರಿ; ಅಂಥ ಸವಾರಿ ಮುಗಿಯುವುದು ಒಡವೆಯ ಅಂಗಡಿಯಲ್ಲಿ.

ಒಳಗೆ 46 ಮೀಟರ್ ಉದ್ದದ ಬುದ್ಧ ಬಲಮಗ್ಗುಲಾಗಿ ಮಲಗಿದ್ದಾನೆ. ಕಂಬಗಳು ಅಡ್ಡ ಬರುವುದರಿಂದ ಪೂರ್ತಿ ಮೂರ್ತಿ ಒಮ್ಮೆಲೇ ಕಣ್ಣಿಗೆ ಸಿಗುವುದಿಲ್ಲ, ನಡೆಯುತ್ತ ನಡೆಯುತ್ತ ತುಂಡುತುಂಡಾಗಿ ನೋಡಬೇಕು. ಪಾದಗಳ ಬಳಿ ತಪ್ಪದೆ ನಿಲ್ಲಿ: ಕಪ್ಪು ಅಂಗಾಲುಗಳಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆಗಳನ್ನು ಬಿಡಿಸಿದ್ದಾರೆ. ಬೆನ್ನ ಹಿಂದೆ 108 ಕಂಚಿನ ಬಟ್ಟಲುಗಳ ಸಾಲು, ಭಕ್ತರು ಒಂದೊಂದಕ್ಕೂ ಒಂದು ಕಾಸು ಹಾಕುತ್ತ ಹೋಗುತ್ತಾರೆ. ಆ ಟಣ್ ಟಣ್ ಸದ್ದು ನಮ್ಮ ಅಜ್ಜಿಯರ ಜಪಮಣಿಯ ಲೆಕ್ಕವನ್ನು ನೆನಪಿಸುತ್ತದೆ. ಇದೇ ಆವರಣದಲ್ಲಿ ಥಾಯ್ ಮಾಲೀಶಿನ ಹೆಸರಾಂತ ಶಾಲೆಯೂ ಇದೆ. ಅರ್ಧ ಗಂಟೆ ಕಾಲು ಒತ್ತಿಸಿಕೊಂಡರೆ ರಾತ್ರಿಯ ಪ್ರಯಾಣದ ಬಿಗುವು ಇಳಿಯುತ್ತದೆ.

ಸಂಜೆ 6ರ ಸುಮಾರಿಗೆ ಥಾ ತಿಯನ್ ಬಳಿ ನದಿಯ ಅಂಚಿಗೆ ಬನ್ನಿ. ಆ ಹೊತ್ತಿಗೆ ಎಲ್ಲಿಂದಲಾದರೂ ರಾಷ್ಟ್ರಗೀತೆ ಕೇಳಿಸಿ ಸುತ್ತಲಿನವರು ನಿಂತರೆ ನೀವೂ ನಿಲ್ಲಿ. ಸೂರ್ಯ ಮುಳುಗುವುದು ಎದುರು ದಡದ ವಾಟ್ ಅರುಣ್ ಹಿಂದೆ. ಅರುಣನ ಹೆಸರಿನ ಗೋಪುರವನ್ನು ಅಸ್ತಮಾನದಲ್ಲಿ ನೋಡುವುದು ವಿಚಿತ್ರವೆನಿಸಿದರೂ, ಪಿಂಗಾಣಿ ಚೂರುಗಳನ್ನು ಮೆತ್ತಿದ ಆ ಶಿಖರ ಮೊದಲು ಕಪ್ಪಾಗಿ, ಆಮೇಲೆ ದೀಪಗಳಿಂದ ಬಂಗಾರದ ಬಣ್ಣಕ್ಕೆ ತಿರುಗುವುದನ್ನು ಕಾಯುತ್ತ ಕೂರಲು ಮತ್ತಾವ ಕಾರಣವೂ ಬೇಕಿಲ್ಲ.

ಮರಳುವಾಗ ದೋಣಿಗೆ ಕಾಯಬೇಡಿ. ವಾಟ್ ಫೋದಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ಸನಾಮ್ ಚಾಯ್ ಮೆಟ್ರೊ ನಿಲ್ದಾಣವಿದೆ. ಅಲ್ಲಿಂದ ಐದನೆಯ ನಿಲ್ದಾಣವೇ ಸಿಲೋಮ್. ಊಟ ಮುಗಿಸಿ ಬೇಗ ಮಲಗಿ. ಅರಮನೆಯ ಬಾಗಿಲು ಬೆಳಗ್ಗೆ 8:30ಕ್ಕೆ ತೆರೆಯುತ್ತದೆ. ಆ ಹೊತ್ತಿಗೆ ಅಲ್ಲಿದ್ದರೆ ಬಿಸಿಲೇರುವ ಮೊದಲೇ ರಾಮಕಿಯನ್ನಿನ ಗೋಡೆಗಳ ಮುಂದೆ, ಅಮ್ಮಂದಿರ ಜೊತೆ, ನಿಧಾನವಾಗಿ ನಡೆಯಬಹುದು.