ಹಿನ್ನೀರಿನ ದಡದ ದೋಣಿ ಶೆಡ್ಡಿಗೆ ಕರೆಂಟು ತರುವುದು ಹೇಗೆ?

ಶರಾವತಿ ಹಿನ್ನೀರಿನ ದಡದವರಿಗೆ ಇದು ಹಳೇ ತಮಾಷೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯಿತು, ಈ ನೀರಿನಿಂದ ಊರೂರಿಗೆ ಕರೆಂಟು ಹೋಯಿತು. ನಮ್ಮ ದೋಣಿ ಶೆಡ್ಡಿನಲ್ಲಿ ಮಾತ್ರ ಟಾರ್ಚು. ಮನೆಯಿಂದ ಶೆಡ್ಡಿಗೆ 200 ಮೀಟರ್ ಇಳಿಜಾರು, ನಡುವೆ ಅಡಿಕೆ ತೋಟ. ಮೀಟರ್ ಬೋರ್ಡಿನಿಂದ ಒಂದು ವಯರು ಎಳೆದರೆ ಆಯಿತು ಎಂದೇ ಎಲ್ಲರಿಗೂ ಅನ್ನಿಸುತ್ತದೆ.

ನಾವೂ ಹಾಗೇ ಎಳೆದಿದ್ದೆವು. ಅಡಿಕೆ ಮರದಿಂದ ಮರಕ್ಕೆ ವಯರು, ನಡುವೆ ಎರಡು ಕಡೆ ಜಾಯಿಂಟು, ಅದರ ಮೇಲೆ ಕಪ್ಪು ಟೇಪು. ಆಷಾಢದ ಒಂದು ಸಂಜೆ ದೋಣಿ ಕಟ್ಟಿ ಬಂದು, ಒದ್ದೆ ಕೈಯಲ್ಲಿ ಶೆಡ್ಡಿನ ತಗಡು ಹಿಡಿದೆ. ಮೊಣಕೈವರೆಗೂ ಜುಮ್ಮೆಂದಿತು. ಟೇಪು ಬಿಚ್ಚಿಕೊಂಡು ಜಾಯಿಂಟು ತಗಡಿಗೆ ತಾಗುತ್ತಿತ್ತು. ಮನೆಯ ಬೋರ್ಡಿನ ಎಂಸಿಬಿ, ಅಂದರೆ ತೊಂದರೆಯಾದರೆ ತಾನೇ ಬೀಳುವ ಸ್ವಿಚ್ಚು, ಬಿದ್ದಿರಲೇ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆ ಸಂಜೆಯೇ ವಯರು ಬಿಚ್ಚಿ ಸುತ್ತಿಟ್ಟೆ.

ಮೊದಲು ಒಂದು ಚೀಟಿ ಬರೆಯಿರಿ

ಶೆಡ್ಡಿನಲ್ಲಿ ನಿಜಕ್ಕೂ ಏನೇನು ಬೇಕು? ನಮ್ಮ ಚೀಟಿ ಹೀಗಿತ್ತು: 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ದಿನಕ್ಕೆ ನಾಲ್ಕು ಗಂಟೆ, ಮೂರು ಮೊಬೈಲ್ ಚಾರ್ಜು, ದೋಣಿಯೊಳಗೆ ತುಂಬಿದ ಮಳೆನೀರು ಎತ್ತುವ 12 ವೋಲ್ಟಿನ ಪುಟ್ಟ ಪಂಪು ಅರ್ಧ ಗಂಟೆ. ಎಲ್ಲ ಕೂಡಿಸಿದರೆ ದಿನಕ್ಕೆ ಸುಮಾರು 210 ವ್ಯಾಟ್-ಅವರ್. ಅಂದರೆ ಕಾಲು ಯೂನಿಟ್ಟೂ ಇಲ್ಲ. ಇಷ್ಟಕ್ಕೆ 230 ವೋಲ್ಟನ್ನು ನೀರಿನ ಹತ್ತಿರ ತರಬೇಕಾ? ಬೇಡ, ಸೋಲಾರ್ ಸಾಕು. ಫ್ರಿಜ್ಜು, ದೊಡ್ಡ ಪಂಪು, ದೋಣಿ ಎಳೆಯುವ ಮೋಟಾರು ಬೇಕೇ ಬೇಕು ಎನ್ನುವವರು ಮಾತ್ರ ಕೇಬಲ್ ಯೋಚನೆ ಮಾಡಲಿ.

ಸೋಲಾರ್ ಆದರೆ

ಲೆಕ್ಕ ಹಾಕಬೇಕಾದ್ದು ಮಳೆಗಾಲಕ್ಕೆ, ಬೇಸಿಗೆಗಲ್ಲ. ಮಾರ್ಚಿನಲ್ಲಿ ದಿನಕ್ಕೆ ಐದು ಗಂಟೆಯ ಒಳ್ಳೆ ಬಿಸಿಲು ಸಿಗುತ್ತದೆ. ಜುಲೈಯಲ್ಲಿ ನಾನು ಎರಡು ಗಂಟೆಗಿಂತ ಜಾಸ್ತಿ ಹಿಡಿಯುವುದಿಲ್ಲ. 210ನ್ನು ಎರಡರಿಂದ ಭಾಗಿಸಿ, ಸೋರಿಕೆ-ನಷ್ಟಕ್ಕೆ ಅಂತ ಇನ್ನಷ್ಟು ಸೇರಿಸಿದರೆ 150 ವ್ಯಾಟಿನ ಪ್ಯಾನೆಲ್ ಆಯಿತು. ಬಿಸಿಲೇ ಕಾಣದ ಮೂರು ದಿನ ತಳ್ಳಬೇಕೆಂದರೆ 12 ವೋಲ್ಟಿನ 60 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಲಿಥಿಯಂ ಫಾಸ್ಫೇಟ್ ಬ್ಯಾಟರಿ ಬೇಕು. ಆಸಿಡ್ ಬ್ಯಾಟರಿಯಾದರೆ 100 ಎಎಚ್‌ಗಿಂತ ಕಡಿಮೆ ಬೇಡ, ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ.

ಪ್ಯಾನೆಲನ್ನು ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿಯಷ್ಟು ಓರೆಯಾಗಿಡಿ. ಮಳೆಯೇ ಅದರ ಧೂಳು ತೊಳೆಯುತ್ತದೆ. ಮರದ ನೆರಳಿನ ಬಗ್ಗೆ ಹುಷಾರು. ಒಂದು ಕೊಂಬೆಯ ನೆರಳು ಪ್ಯಾನೆಲಿನ ಮೂಲೆಯಲ್ಲಿ ಬಿದ್ದರೂ ಪೂರ್ತಿ ಪ್ಯಾನೆಲ್ ಮಂಕಾಗುತ್ತದೆ. ಪ್ಯಾನೆಲನ್ನು ಬಿಸಿಲಿರುವ ಮನೆ ಅಂಗಳದಲ್ಲಿಟ್ಟು ಅಲ್ಲಿಂದ ವಯರು ತರೋಣ ಎಂದರೆ ನಡೆಯದು. ಅಷ್ಟು ದೂರದಲ್ಲಿ 12 ವೋಲ್ಟು ದಾರಿಯಲ್ಲೇ ಕರಗಿಹೋಗುತ್ತದೆ. ಶೆಡ್ಡಿನ ಒಳಗಿನ ಹತ್ತು ಹದಿನೈದು ಮೀಟರಿಗೂ 4 ಎಂಎಂ ವಯರೇ ಹಾಕಿ.

12 ವೋಲ್ಟಿಗೆ ಶಾಕ್ ಹೊಡೆಯುವುದಿಲ್ಲ ನಿಜ, ಬೆಂಕಿ ಹೊತ್ತುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಗೇಣು ದೂರದಲ್ಲೇ ಕಾರಿಗೆ ಹಾಕುವಂಥ 15 ಆಂಪಿಯರ್ ಫ್ಯೂಸು ಇರಲಿ. ಪೆಟ್ರೋಲ್ ಕ್ಯಾನು ಬ್ಯಾಟರಿ ಇರುವ ಮೂಲೆಗೆ ಸುಳಿಯಬಾರದು.

ಕೇಬಲ್ಲೇ ಬೇಕು ಎಂದರೆ

ದೂರ ಹೆಚ್ಚಾದಂತೆ ವೋಲ್ಟೇಜು ಇಳಿಯುತ್ತದೆ. 200 ಮೀಟರ್ ಎಂದರೆ ಹೋಗಿ ಬರುವ ದಾರಿ 400 ಮೀಟರ್. ಒಂದು ಕಿಲೋವ್ಯಾಟ್ ಲೋಡಿಗೆ ಒಂದೂವರೆ ಎಂಎಂ ತಾಮ್ರದ ವಯರಿನಲ್ಲಿ ಸುಮಾರು 21 ವೋಲ್ಟು, ಎರಡೂವರೆ ಎಂಎಂನಲ್ಲಿ 13 ವೋಲ್ಟು ಕಳೆದುಹೋಗುತ್ತದೆ. ಹಳ್ಳಿ ಲೈನಿನಲ್ಲಿ ಸಂಜೆ ಮನೆಯಲ್ಲೇ 230 ಸಿಗುವುದು ಅಪರೂಪ, ಅಲ್ವಾ? ನನ್ನ ಆಯ್ಕೆ 10 ಎಂಎಂ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್. ಅದರಲ್ಲಿ ಇಳಿಯುವುದು ಐದಾರು ವೋಲ್ಟು, ತಾಮ್ರಕ್ಕಿಂತ ಅಗ್ಗ, ಮೈಮೇಲೆ ಉಕ್ಕಿನ ಕವಚ.

ಎರಡೂವರೆ ಅಡಿ ಆಳಕ್ಕೆ ಹೂಳಿ. ಕೆಳಗೆ ಮರಳು, ಕೇಬಲ್ಲು, ಮತ್ತೆ ಮರಳು, ಮೇಲೆ ಸಾಲಾಗಿ ಇಟ್ಟಿಗೆ. ಇಟ್ಟಿಗೆ ಸುಮ್ನೆ ಅಲ್ಲ, ಮುಂದೊಂದು ದಿನ ಕಾದಿಗೆ (ತೋಟದ ಬಸಿಗಾಲುವೆ) ಬಿಡಿಸುವವರ ಹಾರೆ ಅದಕ್ಕೆ ತಾಗಿ ನಿಲ್ಲಬೇಕು. ಕಾದಿಗೆ ದಾಟುವಲ್ಲಿ ಪೈಪಿನೊಳಗೆ ಹಾಯಿಸಿ. ಮಣ್ಣಿನೊಳಗೆ ಜಾಯಿಂಟು ಬೇಡವೇ ಬೇಡ, ಒಂದೇ ಉದ್ದದ ಕೇಬಲ್ ತನ್ನಿ.

ಈಗ ಆ ಎಂಸಿಬಿ ವಿಷಯ. ಅದು ನೋಡುವುದು ಲೋಡು ಜಾಸ್ತಿಯಾಯಿತಾ, ಶಾರ್ಟ್ ಆಯಿತಾ ಎಂದು ಮಾತ್ರ. ನನ್ನ ಕೈಯಲ್ಲಿ ಹರಿದಷ್ಟು ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ಚು ಹಾಗಲ್ಲ. ಹೋದ ಕರೆಂಟು ಅಷ್ಟೂ ವಾಪಸು ಬಂತಾ ಎಂದು ಅದು ಲೆಕ್ಕ ಇಡುತ್ತದೆ, ಕಡಿಮೆ ಬಂದರೆ ತಕ್ಷಣ ಬೀಳುತ್ತದೆ. 30 ಮಿಲಿಆಂಪಿಯರಿನದ್ದನ್ನು ಕೇಬಲ್ ಹೊರಡುವ ಮನೆಯ ಬೋರ್ಡಿನಲ್ಲೇ ಹಾಕಿಸಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ.

ಶೆಡ್ಡಿನ ಹತ್ತಿರ ಬೇರೆಯೇ ಅರ್ಥಿಂಗ್ ಗುಂಡಿ ಇರಲಿ. ನಮ್ಮದು ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಕಲ್ಲಾಗುತ್ತದೆ. ಆಗ ವಾರಕ್ಕೊಂದು ಕೊಡ ನೀರು ಹೊಯ್ಯಬೇಕು. ಈ ಭಾಗದ ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಇನ್ನೊಂದು ಮಾತು: ತೋಟದ ಪಂಪ್‌ಸೆಟ್ಟಿನ ಉಚಿತ ಕರೆಂಟಿನಿಂದ ಎಳೆಯಬೇಡಿ. ಅದು ಕೃಷಿಗೆ ಕೊಟ್ಟದ್ದು, ದೋಣಿ ಶೆಡ್ಡಿಗಲ್ಲ.

ನೀರು ಎಲ್ಲಿಯವರೆಗೆ ಬರುತ್ತದೆ?

ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಜಲಾಶಯ ತುಂಬಿದ ವರ್ಷ ನೀರು ಎಲ್ಲಿ ನಿಂತಿತ್ತು ಎಂದು ಊರಿನ ಹಿರಿಯರನ್ನು ಕೇಳಿ, ಮರಕ್ಕೆ ಬಣ್ಣ ಬಳಿಯಿರಿ. ಬ್ಯಾಟರಿ, ಬೋರ್ಡು, ಅರ್ಥಿಂಗ್ ಎಲ್ಲ ಆ ಗೆರೆಗಿಂತ ಮೇಲೆ. ಗೆರೆಯ ಕೆಳಗಿನ ಜಾಗ ನಮ್ಮದಲ್ಲ, ಅಲ್ಲಿ ಕಾಯಂ ಕಂಬ ನೆಡುವ ಮೊದಲು ಅನುಮತಿ ಬೇಕು. ಬೇಸಿಗೆಯಲ್ಲಿ ನೀರು ದೂರ ಸರಿದು, ದೋಣಿ ಕಟ್ಟುವ ಡ್ರಮ್ಮಿನ ತೆಪ್ಪ ಅದರ ಹಿಂದೆಯೇ ಹೋಗುತ್ತದೆ. ಹಾಗಾಗಿ ತೆಪ್ಪಕ್ಕೆ 230 ವೋಲ್ಟ್ ಒಯ್ಯಲೇಬೇಡಿ. ನಮ್ಮ ತೆಪ್ಪದ ಮೇಲಿರುವುದು ತನ್ನದೇ ಪುಟ್ಟ ಸೋಲಾರ್ ಇರುವ ಒಂದು ಲಾಟೀನು. ಸಂಜೆ ತಾನೇ ಹೊತ್ತಿಕೊಳ್ಳುತ್ತದೆ, ಆಚೆ ದಡದಿಂದ ಬರುವವರಿಗೆ ಗುರುತೂ ಅದೇ.

ಕೊನೆಗೆ ಬೋರ್ಡಿನ ಡಬ್ಬಿ. ಮಳೆ ತಡೆಯುವ ಐಪಿ65 ಡಬ್ಬಿಯನ್ನೇ ತನ್ನಿ, ವಯರು ಒಳಹೋಗುವ ತೂತುಗಳು ಡಬ್ಬಿಯ ಕೆಳಬದಿಯಲ್ಲಿರಲಿ, ತೂತಿಗೆ ವಯರನ್ನು ಬಿಗಿಯಾಗಿ ಹಿಡಿದು ಸಂದು ಮುಚ್ಚುವ ಗ್ಲ್ಯಾಂಡ್ ಹಾಕಿಸಿ. ಹೋದ ವರ್ಷ ನಮ್ಮ ಡಬ್ಬಿ ತೆರೆದಾಗ ಒಳಗೆ ಒಂದು ಹನಿ ನೀರಿರಲಿಲ್ಲ. ಗ್ಲ್ಯಾಂಡ್ ಹಾಕದೆ ಬಿಟ್ಟ ಒಂದೇ ತೂತಿನಿಂದ ಇರುವೆ ಬಂದು ಗೂಡು ಕಟ್ಟಿತ್ತು, ಅದನ್ನು ತಿನ್ನಲು ಬಂದ ಹಲ್ಲಿ ಟರ್ಮಿನಲ್ ಮೇಲೆ ಒಣಗಿ ಅಂಟಿಕೊಂಡಿತ್ತು.