ಸ್ವಲ್ಪ ದಿನ ದೂರ ಇರೋಣ ಎನ್ನುವ ದಂಪತಿಗೆ ನಾನು ಬರೆಸುವ ಹಾಳೆ

ಸಿಟ್ಟಿನಲ್ಲಿ ಬಟ್ಟೆ ತುಂಬಿಕೊಂಡು ತವರಿಗೆ ಹೋದ ಮೇಲೆ ‘ಅವರೇ ಬಂದು ಕರೀಲಿ’ ಎಂದು ಅವಳು, ‘ಹೋದವಳು ತಾನೇ ಬರಲಿ’ ಎಂದು ಅವನು ಕಾಯುತ್ತಾರೆ. ಹಾಗೇ ತಿಂಗಳುಗಳು ಕಳೆದು ಒಂದು ಮನೆಯಿಂದ ವಕೀಲರ ನೋಟಿಸ್ ಹೊರಡುತ್ತದೆ. ಆಷಾಢಕ್ಕೆ ತವರಿಗೆ ಬಂದ ಹೊಸ ಸೊಸೆಗೆ ಈ ಸಂಕಟವಿಲ್ಲ, ವಾಪಸ್ ಹೋಗುವ ಕಾಲ ಮೊದಲೇ ಗೊತ್ತಿರುತ್ತದೆ. ಆಪ್ತಸಮಾಲೋಚನೆಗೆ ಬಂದವರಿಗೆ ನಾನು ಮೊದಲು ಗೊತ್ತುಮಾಡಿಸುವುದೂ ತಾರೀಖನ್ನೇ. ಹನ್ನೆರಡು ವಾರ ಸಾಕು. ಆರು ತಿಂಗಳಾದರೆ ಒಂಟಿ ದಿನಚರಿಯೇ ಒಗ್ಗಿಬಿಡುತ್ತದೆ.

ಒಂದೇ ಹಾಳೆ, ಕೈಬರಹ, ಎರಡು ಪ್ರತಿ, ಇಬ್ಬರ ಸಹಿ. ಮೊದಲ ಸಾಲು ಹೀಗಿರಲಿ: ‘ಮದುವೆ ಉಳಿಸಿಕೊಳ್ಳಲೆಂದು, ಇಬ್ಬರ ಒಪ್ಪಿಗೆಯ ಮೇಲೆ, ಇಂಥ ದಿನದಿಂದ ಇಂಥ ದಿನದವರೆಗೆ ಬೇರೆ ಇರುತ್ತೇವೆ.’ ‘ಒಪ್ಪಿಗೆ’ ಎಂಬ ಮಾತು ಬಿಡಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಸತತ ಎರಡು ವರ್ಷದ ಪರಿತ್ಯಾಗ ವಿಚ್ಛೇದನಕ್ಕೆ ಒಂದು ಆಧಾರ. ಸಕಾರಣವಿಲ್ಲದೆ, ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಬಿಟ್ಟುಹೋದದ್ದನ್ನೇ ಕಾನೂನು ಪರಿತ್ಯಾಗ ಎನ್ನುವುದು.

ಆಮೇಲೆ ಹಣ. ಬಾಡಿಗೆ, ಸಾಲದ ಕಂತು, ಫೀಸು, ಹಿರಿಯರ ಔಷಧಿ: ಯಾರು, ಯಾವ ತಾರೀಖಿಗೆ ಕೊಡಬೇಕು ಎಂದು ಬರೆಯಿರಿ. ಒಡವೆ ಇದ್ದಲ್ಲೇ ಇರಲಿ. ಶಾಲಾ ವ್ಯಾನಿನವನು ಬಾಕಿಯನ್ನು ಮಗುವಿನ ಮುಂದೆಯೇ ಕೇಳಿದ ದಿನ, ಮೂರು ವಾರದಲ್ಲಿ ಮೆತ್ತಗಾಗಿದ್ದ ಮನಸ್ಸು ಮತ್ತೆ ಕಲ್ಲಾಗುತ್ತದೆ. ಮಗುವಿನ ಕೈಲಿ ಮಾತು ಹೇಳಿ ಕಳಿಸುವುದಂತೂ ಬೇಡವೇ ಬೇಡ.

ವಾರಕ್ಕೊಂದು ಭೇಟಿ, ಒಂದೂವರೆ ಗಂಟೆ, ಯಾರ ಮನೆಯಲ್ಲೂ ಅಲ್ಲ. ಮೊದಲೆರಡು ಭೇಟಿಯಲ್ಲಿ ಮಕ್ಕಳು ಮತ್ತು ಹಣದ ಮಾತು ಮಾತ್ರ. ಮೂರನೆಯದರಿಂದ ಒಬ್ಬೊಬ್ಬರಿಗೆ ಹತ್ತು ನಿಮಿಷ, ಒಂದೇ ಒಂದು ಘಟನೆ. ‘ನಿಮ್ಮಮ್ಮ ಯಾವಾಗಲೂ ಹೀಗೇ’ ಎಂದರೆ ಉತ್ತರಕ್ಕೆ ಜಗಳವೇ ಬರುತ್ತದೆ. ‘ಯುಗಾದಿ ದಿನ ಮಧ್ಯಾಹ್ನ ಎರಡರವರೆಗೂ ಒಬ್ಬಳೇ ಹೋಳಿಗೆ ತಟ್ಟುತ್ತಿದ್ದೆ, ನೀವು ಒಮ್ಮೆಯೂ ಒಳಗೆ ಬರಲಿಲ್ಲ’ ಎಂದರೆ ಗಂಡನಿಗೆ ಆ ಅಡುಗೆಮನೆ ಕಣ್ಣಿಗೆ ಬರುತ್ತದೆ. ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಿ, ‘ಹೌದು’ ಎನಿಸಿಕೊಂಡ ಮೇಲೇ ಉತ್ತರ ಕೊಡಬೇಕು. ಬಹುಪಾಲು ಜನ ಎಡವುವುದು ಇಲ್ಲೇ. ತಿರುಗಿ ಹೇಳುವ ಬದಲು ಸಮಜಾಯಿಷಿಗೆ ಇಳಿಯುತ್ತಾರೆ.

ಮೊದಲ ಎರಡು ಮೂರು ವಾರ ತುಂಬ ನೆಮ್ಮದಿ ಅನ್ನಿಸುತ್ತದೆ. ಅದು ಜಗಳ ನಿಂತ ನೆಮ್ಮದಿ. ಅದನ್ನೇ ನಂಬಿ ಸಂಬಂಧ ಬೇಡವೆಂದು ತೀರ್ಮಾನಿಸಬೇಡಿ. ಫೇಸ್‌ಬುಕ್, ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಏನೂ ಬರೆಯಬೇಡಿ.

ಹೊಡೆತ, ಬೆದರಿಕೆ ಇರುವ ಮನೆಗೆ ಈ ಹಾಳೆ ಸಲ್ಲದು. ಅಲ್ಲಿ ಮೊದಲು ಸುರಕ್ಷತೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಹನ್ನೆರಡನೇ ವಾರದ ಭೇಟಿಯ ದಿನ, ಜಾಗ, ಹೊತ್ತು ಮೂರನ್ನೂ ಮೊದಲ ದಿನವೇ ಬರೆದಿಡಿ. ಆಗ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ, ಇಬ್ಬರೂ ಬರುತ್ತಾರೆ.